ಕುಲಾವಿ ಹಾಕಿದ ಇಟ್ಟಿಗೆ

ಆ ಕದ ಸ್ವಲ್ಪ ಮುಂದಕ್ಕೆ ತಳ್ಳಿ, ಗಾಳಿ ಬರ್ತಿದೆ. ಹಾಂ, ಈಗ ಕೂತ್ಕೊಳ್ಳಿ. ಪೆದ್ದ ತಿಪ್ಪೇಶಿಯ ಕತೆ ಹೇಳ್ತೀನಿ. ನೀವು ನಗ್ತೀರಿ, ನಗಿ. ಅವತ್ತು ಅವನ ಅವ್ವನಿಗೆ ಮಾತ್ರ ನಗು ಬರಲಿಲ್ಲ, ಪಾಪ.

ಓಬವ್ವ ಅಂತ ಒಬ್ಬಳಿದ್ದಳು. ಅವಳಿಗೆ ಇಬ್ಬರು ಮಕ್ಕಳು. ಮಗಳು ಬೋರಮ್ಮ ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಮಗ ತಿಪ್ಪೇಶಿ ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಕೂದಲೆಳೆ ಆಚೀಚೆ ಇಲ್ಲ. ಅದೇ ಅವ್ವನ ಗೋಳು.

ಮಾಗಿ ಚಳಿಯಲ್ಲಿ ಬೋರಮ್ಮ ಹೆತ್ತಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು, ಅಂಗೈಯಷ್ಟು. ಬಾಣಂತಿಗೆ ಕೆಮ್ಮು ಬೇರೆ. ಸೂಲಗಿತ್ತಿ ಈರಜ್ಜಿ ಮೊರದಲ್ಲಿ ಹಳೇ ಸೀರೆ ಹಾಸಿ ಕೂಸನ್ನ ಮಲಗಿಸಿದಳು. "ಹಾಲಿಗಷ್ಟೇ ತಾಯಿ ಹತ್ರ ಕೊಡಿ. ಇದರ ಮೈ ತಣ್ಣಗಾಗ್ಬಾರ್ದು. ತಣ್ಣಗಾಯ್ತೋ, ಕೂಸು ನಮ್ಮ ಪಾಲಿಗಿಲ್ಲ" ಅಂದು ಹೋದಳು. ಓಬವ್ವ ಮೊರದ ಪಕ್ಕದಲ್ಲೇ ಕೂತಳು. ಗಳಿಗೆಗೊಮ್ಮೆ ಕೂಸಿನ ಅಂಗಾಲು ಮುಟ್ಟಿ ಮುಟ್ಟಿ ನೋಡೋಳು.

"ಲೋ ತಿಪ್ಪೇಶಿ! ಬಾವಿಗೆ ಹೋಗ್ಬರ್ತೀನಿ. ಏನಾದ್ರೂ ಕಾಸಿ, ಬಟ್ಟೆ ಸುತ್ತಿ, ಕೂಸಿನ ಕಾಲ ಹತ್ರ ಇಡು."

"ಹೂಂ ಕಣವ್ವ!"

ಏನಾದ್ರೂ ಅಂದಳಲ್ಲ, ಕೈಗೆ ಸಿಕ್ಕಿದ್ದು ಕಬ್ಬಿಣದ ರೊಟ್ಟಿ ಹೆಂಚು. ಒಲೆ ಮೇಲಿಟ್ಟ. ಎರಡು ಪುಳ್ಳೆ ಉರಿಯುವಷ್ಟರಲ್ಲಿ ಕಾದುಬಿಟ್ಟಿತು. ಸುತ್ತಿದ, ಇಟ್ಟ, ಹಿಗ್ಗಿದ. ಅವ್ವ ಕೊಡ ಇಳಿಸಿ ಬಂದು ಮುಟ್ಟಿ ನೋಡಿದರೆ ಹೆಂಚು ಕೊರೀತಿತ್ತು. ಕೂಸಿನ ಕಾಲೂ ತಣ್ಣಗಿತ್ತು.

"ಅಯ್ಯೋ ನನ್ನ ಕರ್ಮವೇ! ಕಬ್ಬಿಣ ಇಡ್ತಾರೇನೋ? ಅದು ಕಾಯೋದೂ ಬೇಗ, ಆರೋದೂ ಬೇಗ! ಇಟ್ಟಿಗೆ ಆದ್ರೆ ಕಾಯೋದು ತಡ, ಕಾದ್ಮೇಲೆ ಕಾವು ಹಿಡ್ಕೊಂಡಿರುತ್ತೆ. ಇಟ್ಟಿಗೆ ಕಾಸ್ಬೇಕು ಕಣೋ, ಇಟ್ಟಿಗೆ!"

"ಗೊತ್ತಾಯ್ತು ಕಣವ್ವ, ಇಟ್ಟಿಗೆ ಕಾಸ್ಬೇಕು!"

ಓಬವ್ವ ಕೂಸಿನ ಕಾಲು ಉಜ್ಜುತ್ತಾ ಕೂತಳು. ಒಳಗೆ ಬೋರಮ್ಮ ಹಸಿದು ನರಳುತ್ತಿದ್ದಳು. "ಲೋ, ನಿಮ್ಮಕ್ಕ ತಿನ್ನದಿದ್ರೆ ಹಾಲೆಲ್ಲಿಂದ ಬರುತ್ತೆ? ಹಿಟ್ಟು ಕಲಸಿಟ್ಟಿದ್ದೀನಿ, ಒಂದೆರಡು ರೊಟ್ಟಿ ಸುಡು ಹೋಗು."

"ಹೂಂ ಕಣವ್ವ!"

ಹೋದ. ಒಲೆ ಮೇಲೆ ಇಟ್ಟಿಗೆ ಇಟ್ಟ. ಇಟ್ಟಿಗೆ ಮೇಲೆ ರೊಟ್ಟಿ ತಟ್ಟಿದ. ಊದಿದ, ಊದಿದ, ಕಣ್ಣೆಲ್ಲ ಕೆಂಪಾಗುವ ತನಕ ಊದಿದ. ಸೌದೆ ಮುಗೀತಾ ಬಂತು, ರೊಟ್ಟಿ ಹಸಿ ಹಸಿ. ಹಾಲು ಸಾಲದೆ ಕೂಸು ಅತ್ತಿತು. ಅಳುವಾದರೂ ಎಂಥದ್ದು, ಬೆಕ್ಕಿನ ಮರಿ ಕೂಗಿದಷ್ಟು. ಓಬವ್ವ ಎದೆ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು.

"ಥೂ ನಿನ್ನ! ಇಟ್ಟಿಗೆ ಮೇಲೆ ರೊಟ್ಟಿನಾ! ಇದಕ್ಕೆ ಕಬ್ಬಿಣ ಕಣೋ! ಸೌದೆ ಉಳಿಯುತ್ತೆ, ಹೊತ್ತೂ ಉಳಿಯುತ್ತೆ. ಬೇಗ ಆಗ್ಬೇಕಾದ ಕೆಲಸಕ್ಕೆ ಕಬ್ಬಿಣ!"

"ಗೊತ್ತಾಯ್ತು ಕಣವ್ವ, ಬೇಗ ಆಗ್ಬೇಕಾದ ಕೆಲಸಕ್ಕೆ ಕಬ್ಬಿಣ!"

ಓಬವ್ವ ತಾನೇ ಹೆಂಚಿಟ್ಟು ಚಟಪಟ ಅಂತ ರೊಟ್ಟಿ ಸುಟ್ಟಳು, ಮಗಳಿಗೆ ತಿನ್ನಿಸಿದಳು, ಕೂಸಿಗೆ ಹಾಲು ಕುಡಿಸಿದಳು. ಆದರೂ ಹೊತ್ತು ಇಳೀತಾ ಇಳೀತಾ ಕೂಸಿನ ತುಟಿ ಯಾಕೋ ನೀಲಿಗೆ ತಿರುಗಿದಂಗೆ ಕಂಡಿತು.

"ತಿಪ್ಪೇಶಿ! ಓಡು! ಈರಜ್ಜೀನ ಕರ್ಕೊಂಡ್ ಬಾ! ಬೇಗ, ಬೇಗ ಕಣೋ!"

"ಹೂಂ ಕಣವ್ವ!"

ಓಬವ್ವ ಕಾದಳು. ಬಾಗಿಲ ಕಡೆ ನೋಡಿದಳು. ದೇವರಿಗೆ ಹರಕೆ ಹೊತ್ತಳು. ಮತ್ತೆ ಬಾಗಿಲ ಕಡೆ ನೋಡಿದಳು. ಈರಜ್ಜಿ ಇಲ್ಲ, ತಿಪ್ಪೇಶಿ ಇಲ್ಲ. ಎದ್ದು ಹೊರಗೆ ಬಂದು ನೋಡ್ತಾಳೆ, ಈ ಮಹಾರಾಯ ಅಂಗಳದಲ್ಲಿ ರೊಟ್ಟಿ ಹೆಂಚು ಹಾಕ್ಕೊಂಡು ಅದರ ಮೇಲೆ ಕೂತವ್ನೆ!

"ಇನ್ನೂ ಹೋಗಿಲ್ವೇನೋ!"

"ಹೋಗ್ತಾ ಇದ್ದೀನಿ ಕಣವ್ವ! ಬೇಗ ಆಗ್ಬೇಕಲ್ಲ, ಕಬ್ಬಿಣದ ಮೇಲೆ ಕೂತಿದ್ದೀನಿ. ಇನ್ನೇನು ಈರಜ್ಜಿ ಮನೆ ಬಂದೇಬಿಡುತ್ತೆ."

ಹೊಡೆಯೋಕೆ ಎತ್ತಿದ ಕೈ ಹಾಗೇ ಇಳಿಯಿತು. ಓಬವ್ವ ಅತ್ತುಬಿಟ್ಟಳು. "ನೀನೆಲ್ಲೂ ಹೋಗ್ಬೇಡಪ್ಪ, ನಾನೇ ಹೋಗ್ತೀನಿ. ಒಳಗೆ ಕೂಸಿನ ಕಾಲ ಹತ್ರ ಇಟ್ಟಿಗೆ ಕಾಸಿ ಬಟ್ಟೆ ಸುತ್ತಿಟ್ಟಿದ್ದೀನಿ. ನಾ ಬರೋ ತನಕ ಈ ಇಟ್ಟಿಗೆ ಆರ್ಬಾರ್ದು. ಗಾಳಿ ತಗುಲ್ಬಾರ್ದು. ಇದು ಆರಿದ್ರೆ ನಾವೆಲ್ಲ ಕೆಟ್ವಿ! ಜೋಪಾನ ಕಣೋ!"

"ಇಟ್ಟಿಗೆ ಆರ್ಬಾರ್ದು. ಗಾಳಿ ತಗುಲ್ಬಾರ್ದು. ಗೊತ್ತಾಯ್ತು ಕಣವ್ವ!"

ಓಬವ್ವ ಓಡಿದಳು. ಸೆರಗು ಜಾರಿದ್ದು ಗೊತ್ತಿಲ್ಲ, ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಿಲ್ಲ. ಈರಜ್ಜಿಯ ಕೈ ಹಿಡಿದು ಎಳೆದುಕೊಂಡು ಬಂದಳು. ಮನೆ ಗಪ್ಪನೆ ಇತ್ತು. ಕೂಸಿನ ಸದ್ದಿಲ್ಲ.

ಒಳಗೆ ತಿಪ್ಪೇಶಿ ಕಂಬಳಿ ಹೊದ್ದು ಮೊರದ ಮುಂದೆ ಕೂತಿದ್ದ. ಮೊರದೊಳಗಿನ ಗಂಟನ್ನ ಮೆಲ್ಲಗೆ ತಟ್ಟುತ್ತಾ ಜೋ ಜೋ ಅಂತಿದ್ದ. ಓಬವ್ವ ಬಗ್ಗಿ ಬಟ್ಟೆ ಸರಿಸಿದಳು.

ಇಟ್ಟಿಗೆ! ಕೂಸಿನ ಕುಲಾವಿ ಹಾಕ್ಕೊಂಡ ಇಟ್ಟಿಗೆ! ಅದಕ್ಕೊಂದು ಕಾಡಿಗೆ ಬೊಟ್ಟು ಬೇರೆ!

"ಕೂಸೆಲ್ಲೋ! ಕೂಸೆಲ್ಲಿ! ಏನು ಮಾಡ್ದೆಯೋ ಕೂಸನ್ನ!"

"ಶ್! ಮೆಲ್ಲಗವ್ವ!" ಅಂದ ತಿಪ್ಪೇಶಿ. "ಇಟ್ಟಿಗೆ ಆರ್ಬಾರ್ದು ಅಂದೆಯಲ್ಲ, ಮೊರದಲ್ಲಿ ಬೆಚ್ಚಗೆ ಮಲಗ್ಸಿದೆ. ಇಬ್ರಿಗೆ ಅಲ್ಲಿ ಜಾಗ ಸಾಲ್ಲಿಲ್ಲ. ಇಟ್ಟಿಗೆ ತಟ್ಟೋಕೆ ಕೈ ಬಿಡುವಾಗಿರ್ಬೇಕಲ್ಲ, ಅದಕ್ಕೆ ಕೂಸನ್ನ ಇಲ್ಲಿ ಕಟ್ಕೊಂಡೆ."

ಕಂಬಳಿ ಸರಿಸಿದ. ಅವನ ಬರೀ ಎದೆಗೆ ಅಂಟಿಕೊಂಡು, ಪಂಚೆಯಲ್ಲಿ ಕಟ್ಟಿಸಿಕೊಂಡು, ಬಾಯಿ ಅರೆ ತೆರೆದು ಕೂಸು ಮಲಗಿತ್ತು. ಈರಜ್ಜಿ ಅಂಗಾಲು ಮುಟ್ಟಿದಳು. ಬೆಚ್ಚಗಿತ್ತು. ತುಟಿ ಕೆಂಪಗಿತ್ತು.

"ಓಬಿ, ಕೂಸು ಗೆದ್ಕೊಂಡ್ತು ಕಣೇ! ಇವನ ಎದೆ ಮೇಲೇ ಇರ್ಲಿ, ತೆಗೀಬೇಡ" ಅಂದಳು ಈರಜ್ಜಿ.

ಓಬವ್ವ ನೆಲದ ಮೇಲೆ ಕುಸಿದು ಕೂತಳು. ಮಗನ ಕೆನ್ನೆ ಹಿಡಿದು ಗೊಳೋ ಅಂತ ಅತ್ತಳು. ಅಷ್ಟರಲ್ಲಿ ಕೂಸು ಕಣ್ಣು ಬಿಟ್ಟು ತುಟಿ ಚಪ್ಪರಿಸಿತು.

"ಹಸಿವಾಗಿದೆ ಕಣಪ್ಪ, ಹಾಲು ಕುಡಿಸ್ಬೇಕು. ಅಕ್ಕನ ಹತ್ರ ತಗೊಂಡೋಗು" ಅಂದಳು ಅವ್ವ.

ತಿಪ್ಪೇಶಿ ಹುಷಾರಾಗಿ ಎದ್ದ. ಬಗ್ಗಿ ಮೊರ ಎತ್ತಿಕೊಂಡು ಒಳಗೆ ಹೋದ.

"ಅಕ್ಕಾ, ಏಳೇ! ಮೊದಲು ಇಟ್ಟಿಗೆಗೆ ಕುಡಿಸ್ಬಿಡು. ಪಾಪ, ಬೆಳಗ್ಗಿಂದ ಏನೂ ಕುಡಿದಿಲ್ಲ!"