ಹೂವಿನ ಜೀಪಿಗೆ ಅಗ್ಗದ ಪಂಪು

“ತಾಯಿ, ಮೈಗೆ ಭಾರವಾಗದ, ಆದರೂ ಬಾಳಿಕೆ ಬರುವ ಸಾಧನೆ ಯಾವುದು?”

ಗುಡ್ಡದ ಮಠದ ಶಿಷ್ಯ ಗುರುಪಾದ ಹೀಗೆ ಕೇಳಿದಾಗ ಅವನ ಗುರು ನೀಲವ್ವ ತಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಮತ್ತೆ ಬಂದೆಯಾ? ಹೋದ ಸಲ ಜಪ ಕೊಟ್ಟಿದ್ದೆನಲ್ಲ, ಏನಾಯಿತು?”

“ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ನಿಂತುಹೋಯಿತು.”

“ಅದಕ್ಕೆ ಮುಂಚಿನ ಉಪವಾಸ?”

“ಅದೂ ಹಾಗೆಯೇ.”

“ಮೌನ?”

ಗುರುಪಾದನ ಮೌನ ಮುರಿದ ಬಗೆ ಸುತ್ತಲ ಊರಿಗೆಲ್ಲ ಗೊತ್ತಿತ್ತು. ವ್ರತದ ನಡುವೆಯೇ ಪ್ರವಚನಕ್ಕೆ ಕೂತು, ಸಹನೆಯ ಮಹಿಮೆ ಹೇಳುತ್ತ ಹೇಳುತ್ತ, ಕೆಮ್ಮಿದ ಮುದುಕನ ಮೇಲೆ ನೀರಿನ ಲೋಟ ಬೀಸಿದ್ದ. ಆ ಮುದುಕ ಲೋಟವನ್ನು ಇನ್ನೂ ವಾಪಸು ಕೊಟ್ಟಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದಾನಂತೆ.

“ನಾಳೆ ಇನ್ನೊಂದು ಊರಿನಲ್ಲಿ ಪ್ರವಚನವಿದೆ ತಾಯಿ,” ಎಂದ ಗುರುಪಾದ. “ಬಾಯಿ ತೆರೆದರೆ ಬೈಗುಳವೇ ಬಂದೀತೆಂದು ಹೆದರಿಕೆ. ಇದೊಂದು ಸಲ ಗಟ್ಟಿಯಾದದ್ದು ಏನಾದರೂ ಕೊಡಿ. ಅದೂ ನಿಲ್ಲದಿದ್ದರೆ ಈ ಕಾವಿಯನ್ನು ಬಿಚ್ಚಿಟ್ಟು ಹೋಗುತ್ತೇನೆ.”

“ಬೆಳಗ್ಗೆ ಎದ್ದು ಸ್ವಲ್ಪ ಹೊತ್ತು ಒಬ್ಬನೇ ಸುಮ್ಮನೆ ಕೂರು ಎಂದಿದ್ದೆ. ಕೂತೆಯಾ?”

“ಅದೊಂದು ಬಿಟ್ಟು ಬೇರೆ ಹೇಳಿ.”

ತಾಯಿ ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಎಸೆದರು.

“ಕೂತುಕೋ. ಒಂದು ಮನೆಯ ಸಂಗತಿ ಹೇಳುತ್ತೇನೆ. ಯಾರ ಮನೆ ಎಂದು ಕೇಳಬೇಡ. ಕೇಳಿದರೆ ಹೇಳಿಬಿಡುತ್ತೇನೆ.”

ಒಬ್ಬ ಹೂವಿನ ವ್ಯಾಪಾರಿ ಇದ್ದ. ಅವನಲ್ಲಿ ಒಂದು ಹಳೆಯ ಜೀಪು ಇತ್ತು. ಬೆಳಗಾದರೆ ಹೂವಿನ ಬುಟ್ಟಿ ಹೇರಿಕೊಂಡು ಘಟ್ಟ ಹತ್ತಬೇಕು, ಆಚೆಯ ಊರಿನ ಕಲ್ಯಾಣ ಮಂಟಪಕ್ಕೆ ಹಾಕಿ ಬರಬೇಕು. ಅದೇ ಅವನ ಅನ್ನ. ಹೂವು ಕಾಯುವ ಸರಕಲ್ಲ. ಹೊತ್ತು ಮೀರಿದರೆ ಅದು ಹೂವಲ್ಲ, ಕಸ.

ಜೀಪಿನ ಎಂಜಿನ್ನಿಗೆ ಮುಪ್ಪು ಬಂತು. ಗುದ್ದಿಸಿಕೊಂಡು ನುಜ್ಜಾಗಿದ್ದ ಒಂದು ಕಾರಿನ ಎಂಜಿನ್ನನ್ನು ವ್ಯಾಪಾರಿ ತಂದು ಮೆಕ್ಯಾನಿಕ್ಕನ ಅಂಗಳದಲ್ಲಿ ಇಳಿಸಿದ. ಅದು ಹೊಸ ಬಗೆಯದು, ಇಂಜೆಕ್ಷನ್ನಿನದು. ಹಳೆಯ ಎಂಜಿನ್ನಿಗೆ ಪೆಟ್ರೋಲು ತೊಟ್ಟಿಕ್ಕಿದರೂ ಸಾಕಿತ್ತು. ಇದಕ್ಕೆ ಸೂಜಿಯಿಂದ ಚುಚ್ಚಿದ ಹಾಗೆ ಒತ್ತಿ ಚಿಮ್ಮಿಸಬೇಕು. ಜೀಪಿನ ಹಳೆಯ ಪಂಪಿಗೆ ಆ ಕಸುವಿರಲಿಲ್ಲ.

“ಹೊಸ ಪಂಪು ಬೇಕು,” ಎಂದ ಮೆಕ್ಯಾನಿಕ್.

“ಅಗ್ಗದ್ದು ಯಾವುದು, ಅದನ್ನು ಹೇಳು,” ಎಂದ ವ್ಯಾಪಾರಿ.

ಮೆಕ್ಯಾನಿಕ್ಕನಿಗೆ ಕೈಗಿಂತ ಬಾಯಿ ಉದ್ದ. “ಹೊರಗೆ ಕಟ್ಟುವ ಪಂಪು ಇದೆ. ತಾನಾಗಿ ಎಳೆದುಕೊಳ್ಳುವುದಿಲ್ಲ, ಅದಕ್ಕೆ ಉಣಿಸುವುದಕ್ಕೆ ಇನ್ನೊಂದು ಪಂಪು ಬೇಕು. ಒಬ್ಬಳನ್ನು ಕಟ್ಟಿಕೊಂಡು ಇಬ್ಬರನ್ನು ಸಾಕಿದ ಹಾಗೆ. ಪರದೇಶದ್ದು ಇದೆ, ಪಂದ್ಯದ ಕಾರಿನವರು ಹಾಕುತ್ತಾರೆ. ನೀನು ಮಲ್ಲಿಗೆ ಬುಟ್ಟಿ ಹೊರುವವನು, ನಿನಗೆ ಯಾಕೆ? ಊರ ತುಂಬ ಓಡುವ ಸಣ್ಣ ಕಾರುಗಳ ಪಂಪು ತಗೋ. ಟ್ಯಾಂಕಿನ ಒಳಗೇ ಕೂರುತ್ತದೆ. ಈ ಎಂಜಿನ್ ಕೇಳುವಷ್ಟು ಒತ್ತಡ ಕೊಡುತ್ತದೆ. ಅಗ್ಗ. ಆದರೆ ಟ್ಯಾಂಕು ಮಾತ್ರ ಒಣಗಬಾರದು.”

ವ್ಯಾಪಾರಿ ‘ಅಗ್ಗ’ ಎನ್ನುವವರೆಗೆ ಕೇಳಿಸಿಕೊಂಡ.

ಪೂರ್ತಿ ಕೇಳಿಸಿಕೊಂಡಿದ್ದರೂ ಅವನು ಟ್ಯಾಂಕು ತುಂಬಿಸುವವನಲ್ಲ. ಯಾಕೆಂದರೆ ಅವನ ಮನೆಯಲ್ಲಿ ಒಬ್ಬ ಬಾಮೈದ ಇದ್ದ. ಅಕ್ಕನ ಮನೆಗೆ ಹಬ್ಬಕ್ಕೆಂದು ಬಂದವನು. ಹಬ್ಬ ಹೋಯಿತು, ಇವನು ಹೋಗಲಿಲ್ಲ. ಘಟ್ಟದ ಆಚೆಯ ಊರಿನಲ್ಲಿ ಒಬ್ಬ ಹೊಲಿಗೆಯವಳು ಇದ್ದಳು. ಅವಳಿಗೆ ಗಂಡ ಇದ್ದನೋ ಇಲ್ಲವೋ, ಅದನ್ನು ಹೇಳಲು ಬೇರೆಯೇ ದಿನ ಬೇಕು. ಬಾಮೈದ ಗುಂಡಿ ಹಾಕಿಸಲು ಹೋದವನು ಅಂಗಿ ಹೊಲಿಸಿಕೊಂಡು ಬಂದ. ಆಮೇಲೆ ಮತ್ತೆ ಹೋದ, ಮತ್ತೊಂದು ಅಂಗಿ ಬಂತು. ಮೈ ಒಂದೇ. ಅಂಗಿಗಳು ಮಾತ್ರ ಗೂಟದಲ್ಲಿ ಹಿಡಿಸಲಿಲ್ಲ. ಕಣ್ಣಿದ್ದವರಿಗೆ ಅಷ್ಟು ಸಾಲದೇ?

ಒಂದು ದಿನ ಜೀಪಿನ ಸೀಟಿನ ಕೆಳಗೆ ವ್ಯಾಪಾರಿಗೆ ದಾರದ ಉಂಡೆ ಸಿಕ್ಕಿತು. ಬಾಮೈದ ಘಟ್ಟ ದಾಟುವುದು ತನ್ನ ಜೀಪಿನಲ್ಲೇ ಎಂದು ಅವನು ತೀರ್ಮಾನಿಸಿದ.

ಗಂಡಸಾದವನು ಏನು ಮಾಡಬೇಕು? ಬಾಮೈದನನ್ನು ಎದುರಿಗೆ ಕೂರಿಸಿ ಕೇಳಬೇಕು. ಕೇಳಿದರೆ ಹೆಂಡತಿಗೆ ಗೊತ್ತಾಗುತ್ತದೆ. ಹೆಂಡತಿಗೆ ಗೊತ್ತಾದರೆ ಅಳು, ಅವಳ ತವರಿನವರು, ಜಗಲಿಯ ಮೇಲೆ ಪಂಚಾಯಿತಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ವ್ಯಾಪಾರಿ ಟ್ಯಾಂಕನ್ನು ಬರಿದು ಮಾಡಿದ. ಮಂಟಪಕ್ಕೆ ಹೋಗಿ ಬರಲು ಎಷ್ಟು ಬೇಕೋ ಅಷ್ಟನ್ನೇ ಬೆಳಗ್ಗೆ ಡಬ್ಬದಿಂದ ಅಳೆದು ಹುಯ್ಯುವುದು. ಡಬ್ಬವನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕುವುದು. ಆ ಮನೆಯಲ್ಲಿ ದೇವರಿಗೆ ಊದುಬತ್ತಿ ಹಚ್ಚುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಜೀಪು ಓಡಿತು. ಸ್ವಲ್ಪ ಕಾಲ ಚೆನ್ನಾಗಿಯೇ ಓಡಿತು. ಒಂದು ಬೆಳಗ್ಗೆ ಘಟ್ಟದ ಏರಿನಲ್ಲಿ ನಿಂತಿತು. ಪಂಪು ಸುಟ್ಟಿತ್ತು. ಆ ದಿನದ ಹೂವು ಕಸವಾಯಿತು.

ವ್ಯಾಪಾರಿ ಸುಟ್ಟ ಪಂಪನ್ನು ತಂದು ಮೆಕ್ಯಾನಿಕ್ಕನ ಕಾಲ ಬಳಿ ಒಗೆದ. ಅಗ್ಗದ್ದು ಕೊಟ್ಟು ತನ್ನ ಅನ್ನ ಕೆಡಿಸಿದೆ ಎಂದು ಕೂಗಾಡಿದ. ಅದಕ್ಕಿಂತ ಬೆಲೆಯುಳ್ಳದ್ದನ್ನು ಹಾಕಿಸಿದ. ಅದೂ ಅದೇ ಏರಿನಲ್ಲಿ ಸತ್ತಿತು. ಮಂಟಪದ ಯಜಮಾನ ಹೇಳಿ ಕಳಿಸಿದ: ಇನ್ನೊಂದು ಸಲ ಹೀಗಾದರೆ ನಿನ್ನ ಹೂವು ಬೇಡ.

ಈ ಸಲ ಮೆಕ್ಯಾನಿಕ್ ಟ್ಯಾಂಕಿನ ಬಾಯಿ ತೆಗೆದು ಒಳಗೆ ಬಗ್ಗಿ ನೋಡಿದ. ತಲೆ ಚಚ್ಚಿಕೊಂಡ.

“ಅಯ್ಯಾ ಮಹಾರಾಯ, ತಾನು ಎತ್ತಿಕೊಡುವ ಪೆಟ್ರೋಲೇ ಈ ಪಂಪಿಗೆ ತಂಪು. ಅದು ಅದರಲ್ಲಿ ಮುಳುಗಿರಬೇಕು. ನೀನು ತಳ ಕಾಣುವಷ್ಟು ಹಾಕಿ ಏರು ಹತ್ತಿಸುತ್ತೀಯ. ಇದ್ದದ್ದೂ ಹಿಂದಕ್ಕೆ ಸರಿಯುತ್ತದೆ. ಬರೀ ಗಾಳಿ ಕುಡಿದು ಅದು ಸಾಯದೆ ಇನ್ನೇನು ಮಾಡೀತು? ಟ್ಯಾಂಕು ತುಂಬಿಸು.”

“ಅದೊಂದು ಬಿಟ್ಟು ಬೇರೆ ಹೇಳು.”

“ಯಾಕೆ?”

ಮೆಕ್ಯಾನಿಕ್ ಅವನ ಮುಖ ನೋಡಿ ಕೈ ಒರೆಸಿಕೊಂಡ. “ಸರಿ ಬಿಡು. ನಿನ್ನ ಮನೆಯ ಅಂಗಿಗಳನ್ನು ಊರೇ ಎಣಿಸುತ್ತಿದೆ,” ಎಂದ.

ವ್ಯಾಪಾರಿ ಸಿಟ್ಟಿನಲ್ಲಿ ಪರದೇಶದ ಪಂಪನ್ನು ತರಿಸಿದ. ಅದನ್ನು ಹಾಕಿಸಿದ ದಿನ ತೆಂಗಿನಕಾಯಿ ಒಡೆದ. ಆ ದಿನವೂ ಡಬ್ಬದಿಂದ ಅಳೆದೇ ಹುಯ್ದ.

ಮಂಟಪದಲ್ಲಿ ದೊಡ್ಡ ಮದುವೆ ಬಂತು. ಹೆಣ್ಣುಗಂಡಿನ ಹಾರವೂ ಇವನದೇ, ಹಂದರದ ಹೂವೂ ಇವನದೇ. ಹಾರಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಪಕ್ಕದ ಸೀಟಿನಲ್ಲಿ ಮಲಗಿಸಿಕೊಂಡು ಹೊರಟ. ಅದೇ ಏರು. ಜೀಪು ಬಿಕ್ಕಿತು, ಕೆಮ್ಮಿತು, ನಿಂತಿತು. ಪರದೇಶದ್ದಾದರೂ ಸುಟ್ಟ ವಾಸನೆ ನಮ್ಮ ದೇಶದ್ದೇ.

ಮುಹೂರ್ತ ಹತ್ತಿರವಾಗುತ್ತಿತ್ತು. ವ್ಯಾಪಾರಿ ರಸ್ತೆಗೆ ಇಳಿದು ಕಾಯ್ದ. ಬಿಸಿಲು ಏರಿತು, ಬಟ್ಟೆಯೊಳಗೆ ಹಾರ ಬಾಡಿತು. ಕೊನೆಗೆ ಕೆಳಗಿನಿಂದ ಬಸ್ಸು ಬಂತು. ಎರಡೂ ಕೈ ಅಡ್ಡ ಚಾಚಿ ನಿಲ್ಲಿಸಿದ. ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ತಲೆಯ ಕೆಳಗೆ ಹೊಸ ಅಂಗಿ.

“ಭಾವ, ಹತ್ತಿ! ನನ್ನ ಪಕ್ಕದ ಸೀಟು ಖಾಲಿ ಇದೆ.”

“ನೀನು... ಬಸ್ಸಿನಲ್ಲಿ?”

“ಯಾವಾಗಲೂ ಬಸ್ಸಿನಲ್ಲೇ ಭಾವ. ಒಂದೇ ಒಂದು ದಿನ ನಿಮ್ಮ ಜೀಪು ಒಯ್ದಿದ್ದೆ, ಸೊಂಟ ಹೋಯಿತು. ಈಗ ಕೇಳುವುದೇ ಬೇಡ, ನಡುದಾರಿಯಲ್ಲಿ ನಿಲ್ಲುತ್ತದೆ. ಅದು ಯಾರಿಗೆ ಬೇಕು?”

“ಇವರು ನಮ್ಮ ಖಾಯಂ ಗಿರಾಕಿ,” ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು. ನಗದೆ ಇದ್ದವರು ಬಾಗಿಲ ಬಳಿ ಕೂತಿದ್ದ ಇಬ್ಬರು ಹೆಂಗಸರು. ಅವರಿಗೆ ಇನ್ನೂ ಪೂರ್ತಿ ಗೊತ್ತಿರಲಿಲ್ಲ, ಹಿಂದಿನ ಸೀಟಿನವರು ಹೇಳುತ್ತಿದ್ದರು.

ವ್ಯಾಪಾರಿ ಬಾಡಿದ ಹಾರಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಮೈದನ ಪಕ್ಕದಲ್ಲಿ ಕೂತು ಹೋದ. ಅವನು ಮುಟ್ಟುವಷ್ಟರಲ್ಲಿ ಬೇರೆ ಯಾರದೋ ಹಾರ ಹಾಕಿಸಿ ಧಾರೆ ಮುಗಿಸಿದ್ದರು. ಹೂವಿಗಿಂತ ಮುಂಚೆ ಸುದ್ದಿ ಮುಟ್ಟಿತ್ತು.

ಮನೆಗೆ ಬಂದು ಅವನು ಬಾಮೈದನನ್ನು ಎದುರಿಗೆ ಕೂರಿಸಿ ಕೇಳಿದ. ಹೆಂಡತಿ ಅತ್ತಳು. ತವರಿನವರು ಬಂದರು. ಜಗಲಿಯ ಮೇಲೆ ಪಂಚಾಯಿತಿ ಕೂತಿತು, ಕಾಫಿ ಕುಡಿಯಿತು, ಎದ್ದುಹೋಯಿತು. ಬಾಮೈದ ಅಂಗಿಗಳ ಗಂಟು ಹೊತ್ತು ಹೊರಟ. ವ್ಯಾಪಾರಿ ಹೆದರಿದ್ದೆಲ್ಲ ಆಯಿತು. ಆಗಿ, ಮುಗಿಯಿತು.

ಮೆಕ್ಯಾನಿಕ್ ಮೊದಲು ಹೇಳಿದ್ದ ಅಗ್ಗದ ಪಂಪನ್ನೇ ಮತ್ತೆ ಕೂರಿಸಿದ. ವ್ಯಾಪಾರಿ ಟ್ಯಾಂಕು ತುಂಬಿಸಿದ. ಅದು ಇವತ್ತಿಗೂ ಓಡುತ್ತಿದೆ. ಮಂಟಪದವರು ಮಾತ್ರ ಅವನನ್ನು ತಿರುಗಿ ಕರೆಯಲಿಲ್ಲ. ಈಗ ಅವನು ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಹೂವು ಮಾರುತ್ತಾನೆ.

ಕತೆ ಮುಗಿಸಿ ತಾಯಿ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಗುರುಪಾದನ ಮುಖ ಅರಳಿತು. “ತಿಳಿಯಿತು ತಾಯಿ. ಅಗ್ಗದ ಪಂಪಿನಲ್ಲಿ ತಪ್ಪಿರಲಿಲ್ಲ. ಹಾಗಾದರೆ ನನಗೂ ಮೊದಲಿನ ಜಪವೇ ಸಾಕು, ಅಲ್ಲವೇ?”

ತಾಯಿ ಅವನನ್ನೇ ನೋಡಿದರು. ಒಂದು ಹುಣಸೆಬೀಜ ತೆಗೆದು ಪಕ್ಕಕ್ಕೆ ಹಾಕಿದರು.

“ಪಂಪಿನ ಮಾತು ಸಾಕು ಗುರುಪಾದ, ಒಬ್ಬನೇ ಕೂತರೆ ಯಾರ ಮುಖ ಎದುರಿಗೆ ಬರುತ್ತದೆ ಎಂದು ಹೆದರಿ ನಿನ್ನ ಟ್ಯಾಂಕನ್ನು ಒಣಗಿಸಿ ಇಟ್ಟಿದ್ದೀಯ, ಅದನ್ನು ಹೇಳು.”