ಏರಿನಲ್ಲಿ ಹಗುರಾದ ಸೈಕಲ್ಲು

“ಬುದ್ಧಿ, ನನ್ನ ಮನಸ್ಸು ಹತ್ತಿಯಷ್ಟು ಹಗುರಾಗಿದೆ. ಇದು ಸಾಧನೆಯೇ?” ಎಂದು ಗುರುಮಲ್ಲಪ್ಪ ಮಠದ ಗುರುಗಳನ್ನು ಕೇಳಿದ.

ಅವನು ಹೆಂಡತಿಯನ್ನೂ ಇಬ್ಬರು ಚಿಕ್ಕ ಮಕ್ಕಳನ್ನೂ ಊರಿನಲ್ಲಿ ಬಿಟ್ಟು ಮಠಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. ಎಂಟೇ ದಿನವೆಂದು ಹೇಳಿ ಬಂದಿದ್ದ. ಈಗ ಇಲ್ಲೇ ಉಳಿದುಬಿಡುವ ಮನಸ್ಸಾಗಿತ್ತು. ಗುರುಗಳು ಹೂಂ ಎಂದರೆ ಸಾಕಿತ್ತು.

ಗುರುಗಳು ಹೂಂ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೊಂದು ಸೈಕಲ್ಲು, ಇಬ್ಬರು ಮಕ್ಕಳು. ಮಗಳಿಗೆ ಆರು ವರ್ಷ, ಮಗನಿಗೆ ಎರಡು. ಹೆಂಡತಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದಳು. ಹಾಗಾಗಿ ಮಗನನ್ನು ಮುಂದಿನ ಕಂಬಿಯ ಪುಟ್ಟ ಸೀಟಿನಲ್ಲಿ, ಮಗಳನ್ನು ಹಿಂದಿನ ಕ್ಯಾರಿಯರಿನಲ್ಲಿ ಕೂರಿಸಿಕೊಂಡು ದಿನಾ ಇವನೇ ಶಾಲೆಗೆ ಹೊರಡುತ್ತಿದ್ದ.

ಸಂಸಾರವೆಂದರೇನೆಂದು ತಿಳಿಯಲು ಶಾಸ್ತ್ರ ಓದಬೇಕಿಲ್ಲ. ಮುಂದೊಂದು ಹಿಂದೊಂದು ಮಗು ಕೂತ ಸೈಕಲ್ಲನ್ನು ಹತ್ತಿ ನೋಡಿದರೆ ಸಾಕು. ಹಿಂದಿನಿಂದ ಕಾಲು ಬೀಸಿದರೆ ಮಗಳ ಮೂತಿಗೆ ಬಡಿಯುತ್ತದೆ. ಮುಂದಿನಿಂದ ದಾಟಿಸಿದರೆ ಮಂಡಿ ಮಗನ ಬೆನ್ನಿಗೆ ತಗಲುತ್ತದೆ. ದರ್ಜಿ ಸೈಕಲ್ಲನ್ನು ಒಂದು ಮಗ್ಗುಲಿಗೆ ವಾಲಿಸಿ, ಕಾಲು ಮಡಚಿ, ಕೊಕ್ಕರೆಯಂತೆ ಕುಪ್ಪಳಿಸಿ ಹತ್ತುತ್ತಿದ್ದ. ಹತ್ತಿದ ಕೂಡಲೇ ಒಬ್ಬಳಿಗೆ ಬಾಯಾರಿಕೆ, ಇನ್ನೊಬ್ಬನಿಗೆ ಉಚ್ಚೆ. ಮಗ ಬೆಲ್ಲು ಬಾರಿಸುವುದನ್ನು ಬಿಟ್ಟರೆ ಬ್ರೇಕು ಹಿಡಿಯುತ್ತಿದ್ದ. ಶಾಲೆಗೆ ಮುಂಚೆ ಒಂದು ಏರು ಬೇರೆ. ಅಲ್ಲಿ ದರ್ಜಿಗೆ ಏಳು ಜನ್ಮದ ಪಾಪವೂ ನೆನಪಾಗುತ್ತಿತ್ತು.

ಒಂದು ದಿನ ಆ ಏರಿನ ಬುಡದಲ್ಲಿ, ಮೋರಿಯ ಹತ್ತಿರ, ಮಗನ ಚಪ್ಪಲಿ ಬಿತ್ತು. ದರ್ಜಿ ಸ್ಟ್ಯಾಂಡು ಹಾಕಿ ಚಪ್ಪಲಿ ತೊಡಿಸತೊಡಗಿದ. ಮಗ ಬೆರಳು ಮುದುರಿಕೊಂಡ. ಚಪ್ಪಲಿ ಒಳಗೆ ಹೋಗಲೊಲ್ಲದು. ಅಷ್ಟರಲ್ಲಿ ಮೋರಿಯ ಕೆಳಗೆ ನಾಯಿಮರಿಗಳು ಕುಂಯ್‌ಗುಟ್ಟಿದವು. ಮಗಳು ಸದ್ದಿಲ್ಲದೆ ಕ್ಯಾರಿಯರಿನಿಂದ ಜಾರಿ ನೋಡಲು ಹೋದಳು. ಅದೇ ಹೊತ್ತಿಗೆ ಶಾಲೆಯ ಮೊದಲನೇ ಗಂಟೆ ಹೊಡೆಯಿತು. ಎರಡನೆಯದಕ್ಕೆ ಗೇಟು ಮುಚ್ಚುತ್ತಾರೆ. ದರ್ಜಿ ಗಡಿಬಿಡಿಯಲ್ಲಿ ಸ್ಟ್ಯಾಂಡು ತೆಗೆದು, ಎರಡು ಹೆಜ್ಜೆ ಓಡಿ, ಹಿಂದಿನಿಂದ ಕಾಲು ಬೀಸಿ ಹತ್ತಿಬಿಟ್ಟ.

ಕಾಲು ಯಾರ ಮೂತಿಗೂ ಬಡಿಯಲಿಲ್ಲ. ಆಗಲಾದರೂ ಅವನಿಗೆ ತಿಳಿಯಬೇಕಿತ್ತು. ಅವನೋ, ಮದುವೆಗೆ ಮುಂಚಿನಂತೆ ಹತ್ತಿದೆನಲ್ಲ ಎಂದು ಹಿಗ್ಗಿದ.

ಏರು ಬಂತು. ಸೈಕಲ್ಲು ಸರಾಗವಾಗಿ ಹತ್ತಿತು. ಉಬ್ಬಸವಿಲ್ಲ, ಬೆವರಿಲ್ಲ. ಹಿಂದಿನ ರಾತ್ರಿ ಉಂಡ ಮುದ್ದೆ ಹುರುಳಿಸಾರಿನ ಮಹಿಮೆ ಎಂದುಕೊಂಡ.

“ಅಪ್ಪಾ, ಅಕ್ಕ ಟಾಟಾ” ಎಂದಿತು ಮುಂದಿನ ಮಗು.

“ಸುಮ್ನೆ ಕೂತ್ಕೊ ಮಗಾ, ಅಕ್ಕನ ತಂಟೆಗೆ ಹೋಗ್ಬೇಡ” ಎಂದ ದರ್ಜಿ. ಆಮೇಲೆ ಕತ್ತು ತಿರುಗಿಸದೆಯೇ ಹಿಂದಕ್ಕೆ ಹೇಳಿದ: “ನೋಡಿದ್ಯಾ ಮಗಳೇ, ನಿಮ್ಮಪ್ಪನ ಕಾಲಲ್ಲಿ ಇನ್ನೂ ಎಷ್ಟು ಕಸುವಿದೆ ಅಂತ? ಗಟ್ಟಿಯಾಗಿ ಹಿಡ್ಕೊ.”

ಹಿಂದಿನಿಂದ ಎದುರುತ್ತರ ಬರಲಿಲ್ಲ. ಮಗಳಿಗೆ ಕೊನೆಗೂ ಬುದ್ಧಿ ಬಂತೆಂದು ಅವನಿಗೆ ಇನ್ನೂ ಸಂತೋಷವಾಯಿತು. ಏರು ಮುಗಿಯುವವರೆಗೂ ಅವಳಿಗೆ ಶಿಸ್ತಿನ ಬಗ್ಗೆ ಉಪದೇಶ ಮಾಡಿದ.

ಗೇಟಿನಲ್ಲಿ ಆಯಾ ಎಂದಿನಂತೆ ಮಗುವನ್ನು ಇಳಿಸಿಕೊಳ್ಳಲು ಕೈಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಕ್ಯಾರಿಯರಿನ ಪಕ್ಕದಲ್ಲಿ ಬ್ಯಾಗೊಂದೇ ನೇತಾಡುತ್ತಿತ್ತು.

“ಬ್ಯಾಗು ಬಂತು ಅಣ್ಣಾ, ಮಗು ಎಲ್ಲಿ?”

ದರ್ಜಿ ತಿರುಗಿ ನೋಡಿದ. ಅದು ಮರಳಿನ ಲಾರಿಗಳು ಓಡಾಡುವ ದಾರಿ. ಇಷ್ಟು ಹೊತ್ತೂ ತಾನು ಹಿಗ್ಗಿದ್ದು ಯಾವುದಕ್ಕೆಂದು ಅವನಿಗೆ ಆಗ ಗೊತ್ತಾಯಿತು. ನಾಚಿಕೆಗಿಂತ ಭಯ ದೊಡ್ಡದಾಗಿತ್ತು. ಸೈಕಲ್ಲು ತಿರುಗಿಸಿದ. ಈಗ ಇಳಿಜಾರು, ತುಳಿಯುವ ಕೆಲಸವೇ ಇರಲಿಲ್ಲ. ಆದರೂ ಅವನು ತುಳಿಯುತ್ತಲೇ ಇದ್ದ.

ಗುರುಗಳು ಇಷ್ಟಕ್ಕೆ ನಿಲ್ಲಿಸಿ, ಚೊಂಬೆತ್ತಿ ನೀರು ಕುಡಿದರು. ಬಾಯಿ ಒರೆಸಿಕೊಂಡರು. ಮಾತು ಮುಂದುವರಿಸುವ ಲಕ್ಷಣ ಕಾಣಲಿಲ್ಲ.

ಗುರುಮಲ್ಲಪ್ಪ ಕೂತಲ್ಲೇ ಮುಂದೆ ಸರಿದ. “ಬುದ್ಧಿ, ಮಗು? ಮಗು ಸಿಕ್ಕಿತೇ?”

“ಅವನು ಹಿಂದಕ್ಕೆ ಹೋದ ಗುರುಮಲ್ಲಪ್ಪ, ಅದಕ್ಕೇ ಸಿಕ್ಕಿತು.”