ಬಾಯಿಲ್ಲದೆ ಹುಟ್ಟಿದ ಮಾತು

ಸ್ವಲ್ಪ ಹತ್ತಿರ ಬನ್ನಿ, ದನಿ ಏರಿಸಿ ಹೇಳೋ ವಿಷಯ ಅಲ್ಲ ಇದು. ನಿಮ್ಮ ಮನೆದೇವರ ಆಣೆ, ಕೇಳಿದ್ದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಓರಗಿತ್ತಿಗಂತೂ ಹೇಳಲೇಬೇಡಿ.

ನಮ್ಮ ಹಿತ್ತಲಿಗೂ ಹೊಳೆದಂಡೆಯ ಆಶ್ರಮಕ್ಕೂ ನಡುವೆ ಒಂದು ಬೇಲಿ. ದಿನಾ ಬೆಳಗ್ಗೆ ಅವರಿಗೆ ಮೊಸರು ಕೊಟ್ಟು, ಜಗಲಿಯಲ್ಲಿ ಕೂತು, ಊರಲ್ಲಿ ಯಾರ ಮನೆ ಒಲೆ ಉರಿಯಿತು, ಯಾರ ಹೊಟ್ಟೆ ಉರಿಯಿತು ಅಂತ ಹೇಳಿ ಬರೋದು ನನ್ನ ವಾಡಿಕೆ. ಗುರುಗಳು ಸೊಪ್ಪು ಬಿಡಿಸುತ್ತಾ ಕೇಳೋರು. ನಮ್ಮ ಯಜಮಾನರು ಹೋದ ಮೇಲೆ ನಾಲ್ಕು ಜನರ ಜೊತೆ ಕೂರೋ ಜಾಗ ಅಂತ ನನಗಿದ್ದದ್ದು ಅದೊಂದೇ.

ಅದಕ್ಕೂ ಕಲ್ಲು ಹಾಕಿದ ಒಬ್ಬ ಶಿಷ್ಯ. ಮೃತ್ಯುಂಜಯ ಅಂತ. ಆಶ್ರಮದಲ್ಲಿ ಎಲ್ಲರದೂ ಬೋಳುತಲೆ, ಇವನೊಬ್ಬನದೇ ಜುಟ್ಟು. ತುಪ್ಪ ತಿನ್ನೋದು ಬಿಟ್ಟಿದ್ದೇನೆ ಅಂತ ನೇಮ ಬೇರೆ, ಅದನ್ನು ಊರಿಗೆಲ್ಲ ಸಾರಿದ್ದ.

ಅವನು ನನ್ನೆದುರಿಗೇ ಗುರುಗಳಿಗೆ ಹೇಳಿದ: "ಮಾತು ದೇವರು ಕೊಟ್ಟದ್ದು. ಮನುಷ್ಯ ಆಡಿದ ಮೊದಲ ಮಾತು ದೇವರ ಸ್ತುತಿಯೇ ಇರಬೇಕು. ಈ ದೊಡ್ಡತಾಯಮ್ಮ ಅದನ್ನು ಎಂಜಲು ಮಾಡುತ್ತಾರೆ. ಬೇಲಿ ದಾಟಿ ಬರಬಾರದು ಅಂತ ಅಪ್ಪಣೆ ಕೊಡಿ."

"ಮೊದಲ ಮಾತು ಹುಟ್ಟಿದ್ದನ್ನು ನೀನು ಕೇಳಿದ್ದೀಯಾ?" ಅಂದರು ಗುರುಗಳು.

"ಇಲ್ಲ. ಆಗ ನಾವೆಲ್ಲಿದ್ದೆವು?"

"ಹಾಗಾದರೆ ಇನ್ನೊಂದು ಸಲ ಹುಟ್ಟಲಿ, ನೋಡೋಣ."

ಮಾರನೇ ದಿನದಿಂದ ಆಶ್ರಮದಲ್ಲಿ ಎಲ್ಲರ ಬಾಯಿಗೂ ಬೀಗ. ಮಂತ್ರ ಇಲ್ಲ, ಬರೆದು ತೋರಿಸೋ ಹಾಗೂ ಇಲ್ಲ. ಮೊದಲ ಮಾತು ಯಾವುದು ಅಂತ ತೀರ್ಮಾನ ಆಗೋವರೆಗೆ ನಾನು ಬೇಲಿಯ ಈಚೆ. ಮೊಸರು ಕೊಟ್ಟು ಸುಮ್ಮನೆ ಹೋಗಬೇಕು ಅಂತ ಆಯಿತು. ಹೋದೆ ಅಂತೀರಾ? ಬೇಲಿ ಸಂದಿಗೆ ಕಣ್ಣಿಟ್ಟು ಕೂತೆ.

ಮೊದಮೊದಲು ಕಂಬಗಳ ಹಾಗಿದ್ದರು. ಅನ್ನ ಬೇಕಾದರೆ ಅನ್ನದ ಕಡೆ ಬೆರಳು. ಪೂಜೆಗೆ ಕೂತರೆ ಕೈ ಜೋಡಿಸಿದರು, ಮುಗಿಯಿತು. ಮಾತು ಹುಟ್ಟೋ ಲಕ್ಷಣವೇ ಇಲ್ಲ. ನನ್ನ ಜಗಲಿ ಹೋಯಿತು ಅಂದುಕೊಂಡೆ.

ಆಮೇಲೊಂದು ಬೆಳಗ್ಗೆ ಅಡಿಗೆ ಮಾಡೋ ಶಿಷ್ಯ ಬಾವಿಕಟ್ಟೆಗೆ ಓಡಿಬಂದ. ಅಲ್ಲಿದ್ದವನ ಭುಜ ತಟ್ಟಿ, ತನ್ನ ಬೋಳುತಲೆ ಮೇಲೆ ಇಲ್ಲದ ಜುಟ್ಟನ್ನು ಗಂಟು ಹಾಕಿ ತೋರಿಸಿದ. ಎರಡೂ ಕೈ ಸೇರಿಸಿ ತುಪ್ಪದ ಗಡಿಗೆ ಮಾಡಿದ. ಅದರೊಳಗೆ ಬೆರಳದ್ದಿ, ಕಣ್ಣು ಮುಚ್ಚಿಕೊಂಡು ಚೀಪಿದ.

ಯಾವಾಗ ಅಂತ ಇನ್ನೊಬ್ಬ ಗಲ್ಲ ಎತ್ತಿದ. ಇವನು ಗಡ್ಡ ನೀವಿಕೊಂಡು, ಮೂಗು ಹಿಡಿದು ಮುಳುಗು ಹಾಕಿದ. ಗುರುಗಳು ಹೊಳೆಗೆ ಸ್ನಾನಕ್ಕೆ ಹೋದಾಗಂತೆ.

ತುಟಿ ಅಲುಗಲಿಲ್ಲ, ಕಥೆ ಮಾತ್ರ ಪೂರ್ತಿ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಊಟದ ಹೊತ್ತಿಗೆ ಪಂಕ್ತಿಯಲ್ಲೆಲ್ಲ ಜುಟ್ಟು, ಗಡಿಗೆ, ಬೆರಳು. ಒಬ್ಬ ಗಡಿಗೆಯನ್ನು ಹಂಡೆ ಮಾಡಿದ. ಇನ್ನೊಬ್ಬ ಅದರೊಳಗೆ ಬೆರಳಿನ ಬದಲು ಮೊಣಕೈವರೆಗೆ ಇಳಿಸಿದ.

ಮೃತ್ಯುಂಜಯನ ಕಣ್ಣಿಗೆ ಅದು ಬಿತ್ತು. ಎಲೆ ಬಿಟ್ಟೆದ್ದು ಅರಚಿದ: "ಸುಳ್ಳು. ನಾನು ನೆಕ್ಕಿದ್ದು ಒಂದೇ ಬೆರಳು."

ಆಶ್ರಮದ ಮೌನ ಮುರಿದದ್ದು ಹಾಗೆ.

ಗುರುಗಳು ನಗಲಿಲ್ಲ. "ಅನ್ನ ಕೇಳೋಕೆ ಏನು ಮಾಡಿದೆ?" ಅಂದರು.

"ಬೆರಳು ತೋರಿಸಿದೆ."

"ದೇವರಿಗೆ?"

"ಕೈ ಮುಗಿದೆ."

"ಎರಡಕ್ಕೂ ಮಾತು ಬೇಕಾಗಲಿಲ್ಲ. ಮತ್ತೆ ಯಾವುದಕ್ಕೆ ಬೇಕಾಯಿತು?"

ಅಡಿಗೆಯವನು, ಪಾಪ, ಮೆಲ್ಲಗೆ ಎರಡೂ ಕೈ ಸೇರಿಸಿ ಗಡಿಗೆ ಮಾಡಿ ತೋರಿಸಿದ.

ಗುರುಗಳು ಎದ್ದು ಬಂದು ಕೈಯಾರೆ ಬೇಲಿಯ ಮುಳ್ಳು ಸರಿಸಿದರು. ಸಂದಿಗೆ ಕಣ್ಣಿಟ್ಟಿದ್ದ ನನಗೆ ಸೆರಗು ಸರಿಮಾಡಿಕೊಳ್ಳೋಕೂ ಪುರಸೊತ್ತಿಲ್ಲ. ಶಿಷ್ಯರೆಲ್ಲ ನೋಡುತ್ತಿದ್ದ ಹಾಗೆ ನನ್ನ ಮುಖಕ್ಕೇ ಹೇಳಿದರು:

"ಒಳಗೆ ಬನ್ನಿ ತಾಯಿ. ಸರಸ್ವತಿಯ ತವರಿನವರು ಬೇಲಿಯಾಚೆ ಕೂರಬಾರದು."